ಸ್ಪೈಡರ್‌ಮ್ಯಾನ್ ಸಿನಿಮಾ ಯಾವ ಕ್ರಮದಲ್ಲಿ ತೋರಿಸುವುದು?

ಬದಿಯಡ್ಕ_ಓದುಗ:
ರಜೆಯಲ್ಲಿ ಇಲ್ಲಿನ ವಾಚನಾಲಯದ ಮಕ್ಕಳಿಗೆ ತೋರಿಸಲಿಕ್ಕುಂಟು. ಮೂವರು ನಟರು, ಮೂರು ಸಲ ಕತೆ ಶುರು. ಯಾವುದಾದ ಮೇಲೆ ಯಾವುದು? ಕಾಮಿಕ್ಸಿಗೆ ಹತ್ತಿರ ಯಾವುದು?

ಕುಂಬಳೆ_ಕಾಮಿಕ್ಸ್:
ಮೂರೂ ಬೇರೆ ಬೇರೆ ಸಂಸಾರ ಮಾರಾಯ್ರೆ. ಟೋಬಿ ಮಗ್ವಾಯರ್ 2002, 2004, 2007. ಆಂಡ್ರ್ಯೂ ಗಾರ್ಫೀಲ್ಡ್ 2012, 2014. ಟಾಮ್ ಹಾಲೆಂಡ್ ಮೊದಲು 2016ರ ಕ್ಯಾಪ್ಟನ್ ಅಮೆರಿಕಾ ಸಿನಿಮಾ ಸಿವಿಲ್ ವಾರ್‌ನಲ್ಲಿ ಬರುತ್ತಾನೆ. ಆಮೇಲೆ 2017, 2019, 2021. 2019ರದ್ದಕ್ಕೆ ಮೊದಲು ಅವೆಂಜರ್ಸ್ ಸಿನಿಮಾ ಎಂಡ್‌ಗೇಮ್ ಬೇಕೇ ಬೇಕು. 2021ರದ್ದನ್ನು ಮೊದಲು ಹಾಕಿದರೆ ಕೆಟ್ಟಿತು: ಹಳೆಯ ಸಿನಿಮಾಗಳ ಐವರು ಖಳರು ಅದರಲ್ಲಿ ಬರುತ್ತಾರೆ, ಗುರುತಿಲ್ಲದ ಮಕ್ಕಳಿಗೆ ತಲೆಬುಡ ತಿಳಿಯದು.

ನೀರ್ಚಾಲು_ಭಟ್ರು:
ಹತ್ತಿರ ಯಾವುದೆಂದರೆ ಬಲೆ ನೋಡಿ. 1962ರ ಕಾಮಿಕ್ಸಿನಲ್ಲಿ ಪೀಟರ್ (ಸ್ಪೈಡರ್‌ಮ್ಯಾನ್ ಆಗುವ ಹುಡುಗ) ಬಲೆಯ ಯಂತ್ರ ತಾನೇ ಮಾಡಿ ಮಣಿಕಟ್ಟಿಗೆ ಕಟ್ಟುತ್ತಾನೆ. 2002ರಲ್ಲಿ ಬಲೆ ಮೈಯಿಂದಲೇ ಬರುತ್ತದೆ, 2012ರಲ್ಲಿ ಮತ್ತೆ ಯಂತ್ರ. ಪೀಟರನ ಪ್ರೇಯಸಿ ಗ್ವೆನ್‌ಳ ಸಾವು ಇನ್ನೂ ಮುಖ್ಯ. ಕಾಮಿಕ್ಸಿನ 1973ರ 121ನೇ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುವವಳನ್ನು ಬಲೆ ಹಿಡಿಯುತ್ತದೆ, ಆ ಹಠಾತ್ ಎಳೆತಕ್ಕೇ ಕುತ್ತಿಗೆ ಮುರಿಯುತ್ತದೆ. ಎಂಥ ಬರವಣಿಗೆ! 2002ರಲ್ಲಿ ಸೇತುವೆ ಉಂಟು, ಆದರೆ ಹುಡುಗಿ ಮೇರಿ ಜೇನ್, ಬದುಕುತ್ತಾಳೆ. 2014ರಲ್ಲಿ ಗಡಿಯಾರ ಗೋಪುರ, ಗ್ವೆನ್ ಉಳಿಯುವುದಿಲ್ಲ. ತೀರಾ ಸಣ್ಣ ಮಕ್ಕಳಿದ್ದರೆ ಅದೊಂದನ್ನು ಬಿಡಿ.

ಕುಂಬಳೆ_ಕಾಮಿಕ್ಸ್:
ಕೊನೆಗೆ ಮಲಯಾಳದ ಸೂಪರ್‌ಹೀರೋ ಸಿನಿಮಾ ಮಿನ್ನಲ್ ಮುರಳಿ ಹಾಕಿ, ಕನ್ನಡ ಡಬ್ಬಿಂಗ್ ಉಂಟು. ಅದರ ನಾಯಕ ಕಾಮಿಕ್ಸಿನಿಂದ ಬಂದವನಲ್ಲ, ಸಿನಿಮಾದಲ್ಲೇ ಹುಟ್ಟಿದವನು.