ಅಪ್‌ಡೇಟ್: ಪ್ರವಾಹ ನಕ್ಷೆಯಲ್ಲಿ ಬಾಧಿತರ ಲೆಕ್ಕ ಉಬ್ಬಿದ್ದು ಯಾಕೆ ಅಂತ ಸಿಕ್ಕಿತು

2019ರ ಕೃಷ್ಣಾ ಪ್ರವಾಹದ ನಕ್ಷೆ ಮಾಡುವ ಕೋಡ್ ರಿವ್ಯೂ ಮಾಡುತ್ತಿದ್ದೇನೆ, ಬಾಗಲಕೋಟೆಯಲ್ಲಿ ಬಾಧಿತರ ಲೆಕ್ಕ ಜಿಲ್ಲೆಯ ಜನಸಂಖ್ಯೆಯನ್ನೇ ಮೀರುತ್ತಿದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಜನಸಂಖ್ಯೆಯ ರಾಸ್ಟರ್ (ಚೌಕಕ್ಕೊಂದು ಎಣಿಕೆ ಇರುವ ನಕ್ಷೆ) 100 ಮೀಟರ್ ಚೌಕಗಳದು, ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರದಿಂದ ತೆಗೆದ ನೀರಿನ ಪದರ 10 ಮೀಟರ್ ಚೌಕಗಳದು. ಎರಡನ್ನೂ ಹೊಂದಿಸುವಾಗ ಒಂದು ದೊಡ್ಡ ಚೌಕದ ಎಣಿಕೆ ಅದರೊಳಗಿನ 100 ಪಿಕ್ಸೆಲ್‌ಗೂ ಹಾಗೇ ನಕಲಾಗುತ್ತಿತ್ತು. ಮೊತ್ತ ನೂರು ಪಟ್ಟು! ಈಗ ಪ್ರತಿ ದೊಡ್ಡ ಚೌಕದಲ್ಲಿ ನೀರಿನ ಪಾಲೆಷ್ಟು ಅಂತ ನೋಡಿ, ಅದರಿಂದ ಜನರ ಎಣಿಕೆಯನ್ನು ಗುಣಿಸುತ್ತೇವೆ.

ಶಾಶ್ವತ ನೀರಿನ ಮಾಸ್ಕ್ ಹಾಕಿ (ವರ್ಷವಿಡೀ ನೀರಿರುವ ಜಾಗವನ್ನು ಲೆಕ್ಕದಿಂದ ಬಿಡಿ) ಅಂದವರಿಗೆ ಥ್ಯಾಂಕ್ಸ್. ಆದರೆ ಆಲಮಟ್ಟಿ ಹಿನ್ನೀರಿಗೆ ಅದು ಸಾಲದು. ಪ್ರವಾಹದ ಚಿತ್ರದ ಜೊತೆ ಹೋಲಿಕೆಗೆ ಇಟ್ಟಿದ್ದು ಬೇಸಿಗೆಯ ಚಿತ್ರ. ಮಳೆಗಾಲದಲ್ಲಿ ಜಲಾಶಯ ತುಂಬಿದರೂ ಕೋಡ್‌ಗೆ ಅದು ಪ್ರವಾಹವೇ, ಅಲ್ವಾ? ಮಾಮೂಲಿ ವರ್ಷದ ಆಗಸ್ಟ್ ಚಿತ್ರವನ್ನೂ ಸೇರಿಸಿ ಅಂತ ರಿವ್ಯೂನಲ್ಲಿ ಬರೆದಿದ್ದೇನೆ. ಅಲ್ಲಿಯವರೆಗೆ ಮರ್ಜ್ (ಮುಖ್ಯ ಕೋಡ್‌ಗೆ ಸೇರಿಸುವುದು) ಇಲ್ಲ.