ಗುಜರಿಯಾಗ ಸಿಕ್ಕ ಫಂಕ್ ಲೈವ್ ಕ್ಯಾಸೆಟ್: ಅಪರೂಪದ್ದೋ, ಎಲ್‌ಪಿ ನಕಲೋ?

ಕಲಬುರಗಿ ಕ್ಯಾಸೆಟ್:
ಸೂಪರ್ ಮಾರ್ಕೆಟ್ ಕಡೆ ಒಂದು ಗುಜರಿ ಅಂಗಡಿಯಾಗ ಐದು ಕ್ಯಾಸೆಟ್ ಸಿಕ್ಕಾವ. ಎಲ್ಲಾ ಸಿ-90 (90 ನಿಮಿಷದ್ದು), ಕೈಬರಹದ ಚೀಟಿ. ಎರಡರ ಮ್ಯಾಲ "ಜೇಮ್ಸ್ ಬ್ರೌನ್ ಲೈವ್", ಒಂದರ ಮ್ಯಾಲ "ಫಂಕಡೆಲಿಕ್", ಉಳಿದ ಎರಡಕ್ಕ ಹೆಸರೇ ಇಲ್ಲ. ಬ್ರೌನ್ ಅಮೆರಿಕದ ಗಾಯಕ, ಫಂಕಡೆಲಿಕ್ ಅಲ್ಲಿನ ತಂಡ, ಇಬ್ಬರದೂ ಫಂಕ್ ಅನ್ನೋ ತಾಳಪ್ರಧಾನ ಸಂಗೀತ. ಊರು, ತಾರೀಖು ಯಾವುದೂ ಬರ್ದಿಲ್ಲ. ಡೆಕ್ಕಿಗೆ ಹಾಕೋ ಮುಂಚೆ ಏನು ನೋಡಬೇಕು? ಇವು ಮಾರಾಟಕ್ಕ ಬಂದ ಆಲ್ಬಮ್ಮಿನ ನಕಲೋ, ಯಾರೂ ಹೊರಗ ತರದ ರೆಕಾರ್ಡಿಂಗೋ ಅಂತ ಗುರ್ತು ಹಿಡಿಯೋದು ಹ್ಯಾಂಗ? ಜೇಮ್ಸ್ ಬ್ರೌನ್‌ದು ಒಂದನ್ನ ಎರಡು ನಿಮಿಷ ಹಾಕಿದೆ, ಜರಾ ಜೋರು ಓಡಿದಂಗ ಕೇಳ್ತದ.

ಬೀದರ್ ಡೆಕ್:
ಇನ್ನೊಮ್ಮೆ ಪ್ಲೇ ಒತ್ತಬ್ಯಾಡ್ರಿ, ಮೊದಲು ಕ್ಯಾಸೆಟ್ಟಿನ ಬಾಯಿ ನೋಡ್ರಿ. ನಡುವ ಒಂದು ತೆಳು ಲೋಹದ ಪಟ್ಟಿ, ಅದರ ಮ್ಯಾಲ ಸಣ್ಣ ಮೆತ್ತನೆ ತುಂಡು ಅಂಟಿಸಿರ್ತಾರ. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋದು ಅದೇ. ನಮ್ಮ ಬಿಸಿಲಿಗೆ ಅಂಟು ಒಣಗಿ ಅದು ಉದುರಿಬಿಡ್ತದ, ಆಗ ಸೌಂಡು ಮಸುಕಾಗಿ ಟ್ರೆಬಲ್ ಬಂದು ಹೋಗಿ ಮಾಡ್ತದ. ಬ್ಯಾರೆ ಹಾಳು ಕ್ಯಾಸೆಟ್ಟಿನ ಪಟ್ಟಿ ತೆಗೆದು ಹಾಕಿದ್ರ ಸಾಕು. ಆಮ್ಯಾಲ ಪೂರಾ ಮುಂದಕ್ಕ, ಪೂರಾ ಹಿಂದಕ್ಕ ಒಮ್ಮೆ ಸುತ್ತಿಸ್ರಿ. ವರ್ಷಗಟ್ಟಲೆ ಹಂಗೇ ಬಿದ್ದ ಟೇಪಿನ ಸುತ್ತು ಒಂದು ಕಡೆ ಬಿಗಿ, ಒಂದು ಕಡೆ ಸಡಿಲು ಇರ್ತದ. ಸೀದಾ ಓಡಿಸಿದ್ರ ರೋಲರ್ ನುಂಗಿಬಿಡ್ತದ. ಸಿ-90ರ ಟೇಪ್ ಸಿ-60ಕ್ಕಿಂತ ತೆಳು, ಇನ್ನೂ ಹುಷಾರು ಬೇಕು.

ಹೆಡ್ ಮತ್ತ ಕ್ಯಾಪ್‌ಸ್ಟನ್ (ಟೇಪ್ ಎಳೆಯೋ ಲೋಹದ ಕಡ್ಡಿ) 99% ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸ್ರಿ, ಹತ್ತಿಗೆ ಕಂದು ಹತ್ತೋದು ನಿಲ್ಲೋ ತನಕ. ಆಮ್ಯಾಲ ಅಜಿಮತ್, ಅಂದ್ರ ಟೇಪಿಗೆ ಹೆಡ್ ನಿಂತ ಕೋನ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರೋ ಸ್ಕ್ರೂ ಅದ, ಅದು ಈಗ ಎಲ್ಲಿ ನಿಂತದ ಅಂತ ಪೆನ್ನಿನಿಂದ ಗುರ್ತು ಹಾಕ್ರಿ. ಎಡ-ಬಲ ಎರಡನ್ನೂ ಮೋನೋ ಮಾಡಿ ಕೇಳ್ತಾ, ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳದ ತಟ್ಟೆ) ಸದ್ದು ಚೂಪಾಗೋ ಜಾಗಕ್ಕ ನಿಲ್ಲಿಸ್ರಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗಲ್ಲ. ಕಾಪಿ ಮಾಡಿದ ಡೆಕ್ ಬ್ಯಾರೆ ಬ್ಯಾರೆ ಇರೋದ್ರಿಂದ ಪ್ರತಿ ಕ್ಯಾಸೆಟ್ಟಿಗೂ ಇದನ್ನ ಹೊಸದಾಗಿ ಮಾಡಬೇಕು. ಫಂಕ್‌ನಾಗ ಹೈ-ಹ್ಯಾಟ್ ಸತ್ರ ಹಾಡೇ ಸತ್ತಂಗ, ಇದನ್ನ ಬಿಡಬ್ಯಾಡ್ರಿ.

ಕಂಪ್ಯೂಟರಿಗೆ ರೆಕಾರ್ಡ್ ಮಾಡೋವಾಗ ಸೌಂಡು ಹೆಡ್‌ಫೋನ್ ತೂತಿನಿಂದ ಅಲ್ಲ, ಡೆಕ್ಕಿನ ಹಿಂದಿನ ಲೈನ್ ಔಟ್‌ನಿಂದ ತೊಗೊಳ್ರಿ. 24 ಬಿಟ್, 48 ಕಿಲೋಹರ್ಟ್ಸ್, ಪೀಕ್ ಮೈನಸ್ 6 ಡೆಸಿಬೆಲ್ ದಾಟಬಾರದು. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸೋ ಸ್ವಿಚ್) ಹಾಕಿ ರೆಕಾರ್ಡ್ ಮಾಡಿದ್ರೋ ಇಲ್ಲೋ ಅಂತ ಅನುಮಾನ ಇದ್ರ ಆಫ್ ಇಡ್ರಿ.

ಶಹಾಪುರ ಸ್ಪೂಲ್:
ನಕಲು ಹಿಡಿಯೋಕ ಮೊದಲು ಟಕ್ ಟಕ್ ಸದ್ದು ಹುಡುಕ್ರಿ. ಎಲ್‌ಪಿ, ಅಂದ್ರ ನಿಮಿಷಕ್ಕ 33⅓ ಸುತ್ತು ತಿರುಗೋ ದೊಡ್ಡ ಗ್ರಾಮಫೋನ್ ತಟ್ಟೆ, ಒಂದು ಸುತ್ತು ಹೊಡಿಯೋಕ 1.8 ಸೆಕೆಂಡ್. ಅಷ್ಟಕ್ಕೊಮ್ಮೆ ಅದೇ ಟಕ್ ಬಂದ್ರ ಎಲ್‌ಪಿ ಗೀರು ಅದು, ಮುಂದ ತಲೆ ಕೆಡಿಸ್ಕೋಬ್ಯಾಡ್ರಿ. ಸುಮಾರು 20 ನಿಮಿಷಕ್ಕ ಚಪ್ಪಾಳೆ ಮೆಲ್ಲಗ ಕರಗಿದ್ರೂ ಎಲ್‌ಪಿ ಸೈಡ್ ಮುಗೀತು ಅಂತ. ಸಂಗೀತ ಕಚೇರಿಯಾಗ ರೆಕಾರ್ಡ್ ಮಾಡಿದ ಟೇಪ್ ಹಂಗ ಕರಗಲ್ಲ, ಹಾಡಿನ ನಡುವೆ ಕತ್ತರಿಸಿದಂಗ ನಿಲ್ತದ.

ಚಪ್ಪಾಳೆ ಕೇಳಿ "ಲೈವ್" ಅಂತ ನಂಬಬ್ಯಾಡ್ರಿ. ಜೇಮ್ಸ್ ಬ್ರೌನ್‌ರ 1970ರ "ಸೆಕ್ಸ್ ಮಷೀನ್" ಡಬಲ್ ಆಲ್ಬಮ್ಮಿನ ಒಂದಿಷ್ಟು ಭಾಗ ಸ್ಟುಡಿಯೋದ್ದು, ಜನರ ಸದ್ದು ಮ್ಯಾಲ ಸೇರಿಸಿದ್ದು. ಜನ ಹಾಡಿಗೆ ತಕ್ಕಂಗ ಏರಿಳಿಯದೆ ಒಂದೇ ಸಮ ಕೂಗ್ತಿದ್ರ ಅನುಮಾನ ಪಡ್ರಿ.

ಕಾಲ ಗುರ್ತಿಸೋಕ ಬ್ರೌನ್ ವೇದಿಕೆ ಮ್ಯಾಲ ಕೂಗೋ ವಾದಕರ ಹೆಸರೇ ದಾರಿ. ಸ್ಯಾಕ್ಸೊಫೋನ್ ಸೋಲೋಕ್ಕ "ಮೇಸಿಯೋ" ಅಂತ ಕರೆದ್ರ ಅದು 1970ರ ಮಾರ್ಚ್ ಮುಂಚಿಂದು, ಇಲ್ಲಾ 1973ರ ಈಚಿಂದು. ನಡುವಿನ ಕಾಲದಾಗ ಮೇಸಿಯೋ ಪಾರ್ಕರ್ ತಂಡದಾಗ ಇರ್ಲಿಲ್ಲ. "ಬೂಟ್ಸಿ" (ಬೇಸ್ ಗಿಟಾರಿನ ಬೂಟ್ಸಿ ಕಾಲಿನ್ಸ್) ಅಂದ್ರ 1970–71. ಆ ಕಾಲದ ಪ್ಯಾರಿಸ್ ಒಲಿಂಪಿಯಾ ಕಚೇರಿ, 8 ಮಾರ್ಚ್ 1971ರದ್ದು, 1992ರಾಗ ಹೊರಬಂತು. ಫಂಕಡೆಲಿಕ್ಕಿನ ಮೆಡೋಬ್ರುಕ್ ಕಚೇರಿ, 12 ಸೆಪ್ಟೆಂಬರ್ 1971ರದ್ದು, 1996ರಾಗ ಬಂತು. ಹೆಸರಿಲ್ಲದ ಎರಡರಾಗ ನ್ಯೂ ಆರ್ಲಿಯನ್ಸ್ ತಾಳ ಕೇಳಿದ್ರ ಆ ಊರಿನ ಫಂಕ್ ತಂಡ ದಿ ಮೀಟರ್ಸ್ ಕ್ವೀನ್ ಮೇರಿ ಹಡಗಿನ ಮ್ಯಾಲ ನುಡಿಸಿದ್ದು, 24 ಮಾರ್ಚ್ 1975, ಅದರ ಜೋಡಿನೂ ಇಟ್ಟು ನೋಡ್ರಿ. ಅದೂ 1992ರಾಗ ಸೀಡಿ ಆಗ್ಯದ.

ಬೀದರ್ ಡೆಕ್:
ಟೇಪ್ ಜೋರು ಓಡ್ತದೋ ಅಂತ ನೋಡೋಕ ರೆಕಾರ್ಡಿಂಗಿನಾಗ ಸೇರಿರೋ ಕರೆಂಟಿನ ಗುಂಯ್ ಸದ್ದೇ ಅಳತೆಗೋಲು. ಅಮೆರಿಕದ ಕರೆಂಟು 60 ಹರ್ಟ್ಸ್, ಅದರ ದುಪ್ಪಟ್ಟು 120. ಎರಡು ಹಾಡಿನ ನಡುವಿನ ನಾಲ್ಕೈದು ಸೆಕೆಂಡ್ ಆರಿಸಿ, ಅಡಾಸಿಟಿ ಅನ್ನೋ ಸೌಂಡ್ ತಿದ್ದೋ ಸಾಫ್ಟ್‌ವೇರಿನಾಗ ಪ್ಲಾಟ್ ಸ್ಪೆಕ್ಟ್ರಮ್ ತೆಗೀರಿ, ಸೈಜ್ 65536. ಗ್ರಾಫಿನ ಚೂಪು ತುದಿ 124ಕ್ಕ ನಿಂತಿದ್ರ ಟೇಪ್ 3.3% ಜೋರು ಓಡ್ತದ. ಸ್ಪೀಡ್ ತಿದ್ದೋವಾಗ ಮೈನಸ್ 3.3% ಹಾಕೋದು ತಪ್ಪು, 120 ಭಾಗಿಸು 124, ಅಂದ್ರ 0.968 ಹಾಕಬೇಕು. ಬೇಸ್ ನುಡಿಯೋ ಜಾಗ ಆರಿಸಬ್ಯಾಡ್ರಿ: ಬಿ ಸ್ವರವೇ 61.7 ಮತ್ತ 123.5 ಹರ್ಟ್ಸ್ ಮ್ಯಾಲ ಕೂಡ್ತದ, ನೀವು ಅದನ್ನೇ ಕರೆಂಟು ಅಂತ ತಿಳ್ಕೋತೀರಿ.

ಕಲಬುರಗಿ ಕ್ಯಾಸೆಟ್:
ಅಳೆದೆ. ಹಾಡಿನ ನಡುವೆ 103ಕ್ಕ ಚೂಪು ಅದ, 120ರ ಹತ್ರ ಏನೂ ಇಲ್ಲ. 100ಕ್ಕ ಇನ್ನೊಂದು ಸಣ್ಣದು. "ಬೂಟ್ಸಿ" ಅಂತ ಎರಡು ಸಲ ಕೇಳಿಸ್ತು. ಟಕ್ ಸದ್ದಿಲ್ಲ.

ಬೀದರ್ ಡೆಕ್:
100 ನಿಮ್ಮ ಮನೆ ಕರೆಂಟಿಂದು. ಟೇಪ್ ನಿಲ್ಲಿಸಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡ್ರಿ, ಆಗಲೂ ಬಂದ್ರ ಖಾತ್ರಿ. 103 ಅಂದ್ರ 50 ಹರ್ಟ್ಸ್ ಇರೋ ದೇಶ, ಆದ್ರ ಕಚೇರಿ ಯುರೋಪಿಂದೇ ಅಂತ ಇದೊಂದರಿಂದ ಹೇಳೋಕ ಬರಲ್ಲ. ದುಬೈದಾಗೋ ನಮ್ಮಲ್ಲೋ ಕಾಪಿ ಮಾಡಿದ್ರೂ ಅದೇ ಗುಂಯ್ ಸೇರ್ತದ. ಹಾಡಿನ ಸ್ವರ ಏರಿರೋದು ನೋಡಿದ್ರ 0.971 (100 ಭಾಗಿಸು 103) ಹಾಕಿ ಕೇಳಬಹುದು.

ಶಹಾಪುರ ಸ್ಪೂಲ್:
ಬೂಟ್ಸಿ, ಮ್ಯಾಲ 50 ಹರ್ಟ್ಸ್: ಮೊದಲ ಅನುಮಾನ ಪ್ಯಾರಿಸ್‌ದೇ. ಆ ಸೀಡಿ ಜೋಡಿ ಇಟ್ಟು ಹಾಡು ಹೋಲಿಸಬ್ಯಾಡ್ರಿ, ದಿನಾ ಅದೇ ಹಾಡು ಹಾಡ್ತಿದ್ರು. ಹಾಡಿನ ನಡುವಿನ ಮಾತು, ಮುಂದಿನ ಸಾಲಿನವರ ಕೂಗು, ಮೈಕಿನ ಕಿರ್ ಸದ್ದು ಹೋಲಿಸ್ರಿ. ಹೊಂದಿದ್ರ ಅದೇ ಕಚೇರಿ. ಹೊಂದದಿದ್ರ ತಿದ್ದದ ಮೂಲ ಫೈಲ್ ಫ್ಲ್ಯಾಕ್ (ಸೌಂಡು ಕೆಡದಂಗ ಕುಗ್ಗಿಸೋ ಫೈಲ್ ನಮೂನೆ) ಮಾಡಿ, ಡೆಕ್ ಯಾವುದು, ಕ್ಯಾಸೆಟ್ ಯಾವುದು, ಸ್ಪೀಡ್ ಎಷ್ಟು ಅಂತ ಒಂದು ಟೆಕ್ಸ್ಟ್ ಫೈಲಿನಾಗ ಬರೆದು ಜೋಡಿ ಇಡ್ರಿ, ಆ ಚೀಟಿಯ ಫೋಟೋನೂ.