ಇಂದು ಬಂದ ಹೆಜ್ಜೆ ನಾಳೆಗೆ ಏಕೆ ತಪ್ಪುತ್ತದೆ?

ಪ್ರಶ್ನೆ: ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟವಾಗುವ, ಚಡಪಡಿಕೆಯ ಸ್ಥಿತಿ) ಇರುವ ನನ್ನ 11 ವರ್ಷದ ಮಗ ಉಡುಪಿಯಲ್ಲಿ ಯಕ್ಷಗಾನ ಕಲಿಯುತ್ತಿದ್ದಾನೆ. ಇಂದು ಸರಿಯಾಗಿ ಹಾಕಿದ ಹೆಜ್ಜೆ ನಾಳೆ ತಪ್ಪುತ್ತದೆ. ಅವನ ಕೈಕಾಲಿನ ನೆನಪೇ ದುರ್ಬಲವೆ?

ಉತ್ತರ 1: ಹಾಗೆ ತೀರ್ಮಾನಿಸಬೇಡಿ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ 1962ರಲ್ಲಿ ವರದಿ ಮಾಡಿದಂತೆ, ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲದ ಎಚ್.ಎಂ. ಎಂಬ ರೋಗಿ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವುದನ್ನು ದಿನದಿಂದ ದಿನಕ್ಕೆ ಸುಧಾರಿಸಿಕೊಂಡರೂ ಹಿಂದಿನ ದಿನ ಬರೆದದ್ದೇ ಅವರಿಗೆ ನೆನಪಿರಲಿಲ್ಲ. ಕೌಶಲದ ನೆನಪು ಬೇರೆಯೇ ಬಗೆಯದು. ಆದರೆ ಕಲಿಕೆಯ ಆರಂಭಕ್ಕೆ ಗಮನ ಬೇಕು, ತೊಡಕು ಅಲ್ಲಿರಬಹುದು.

ಉತ್ತರ 2: ಅಷ್ಟು ಸುಲಭವಲ್ಲ. ಕೌಶಲ ಕಲಿಕೆಗೆ ಮುಖ್ಯವಾದ ಸ್ಟ್ರಯೇಟಮ್ ಎಂಬ ಮೆದುಳಿನ ಭಾಗವು ಡೋಪಮಿನ್ ಎಂಬ ಮೆದುಳಿನ ರಾಸಾಯನಿಕವನ್ನು ಅವಲಂಬಿಸಿದೆ, ಎಡಿಎಚ್‌ಡಿಗೂ ಡೋಪಮಿನ್‌ಗೂ ನಂಟಿದೆ, ಹಾಗಾಗಿ ಕೌಶಲದ ನೆನಪಿನಲ್ಲೂ ತೊಡಕಿರಬಹುದು. ಏನಿದ್ದರೂ ಚಿಕ್ಕ ತುಣುಕುಗಳ ಅಭ್ಯಾಸ ಮತ್ತು ಸಾಕಷ್ಟು ನಿದ್ದೆ ನೆರವಾಗುತ್ತವೆ.

ಪ್ರಶ್ನಿಸಿದವರು: ಬಾಯಿತಾಳ ಹೇಳುತ್ತ ಕುಣಿದಾಗ ಅವನು ತಪ್ಪುವುದು ಕಡಿಮೆ, ಇದನ್ನು ಗುರುಗಳಿಗೆ ತಿಳಿಸುತ್ತೇನೆ.